ಅಪ್ಪನ ಸುರಾಹಿಯ ಕಪ್ಪು

ಬೀದರ ಕೋಟೆಯೊಳಗಿನ ಹಳೆಯ ಅರಮನೆಯೊಂದರಲ್ಲಿ ಹಿಂದಿನವರ ಬಿದರಿ ಸಾಮಾನುಗಳನ್ನು ಗಾಜಿನ ಕಪಾಟುಗಳಲ್ಲಿ ಇಟ್ಟಿದ್ದಾರೆ. ನಮ್ಮಪ್ಪ ಮಾಡಿದ ಒಂದು ಸುರಾಹಿಯೂ, ಉದ್ದ ಕತ್ತಿನ ಹೂಜಿ, ಅಲ್ಲಿದೆ. ಇದೇ ಊರಲ್ಲಿದ್ದೂ ನಾನು ಆ ಅರಮನೆಯ ಕಡೆ ಹಾಯುತ್ತಿರಲಿಲ್ಲ. ಅದರಲ್ಲೇನು ನೋಡುವುದು, ಅಂಥದ್ದು ನಾನೇ ಮಾಡುತ್ತೇನಲ್ಲ ಎಂಬ ಸೊಕ್ಕು. ಹೋದ ತಿಂಗಳು ತಮ್ಮ ಹಟ ಹಿಡಿದು ಕರೆದುಕೊಂಡು ಹೋದ.

ಅದಕ್ಕೆ ಕಾರಣವಿತ್ತು. ಔರಾದಿನ ಮದುವೆಮನೆಯೊಂದಕ್ಕೆ ನಾವಿಬ್ಬರೂ ಮಾಡಿದ ಹೂದಾನಿಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ನಮ್ಮ ಕೆಲಸದಲ್ಲಿ ಸತುವಿನ ಪಾತ್ರೆ ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿದ ಮೇಲೆ ಕಟ್ಟಕಡೆಗೆ ಕೋಟೆಯ ಮಣ್ಣು, ನವಸಾಗರದ ಉಪ್ಪು ಕಲಸಿದ ಬಿಸಿನೀರಿನಲ್ಲಿ ಅದ್ದುತ್ತೇವೆ. ಲೋಹ ಕಪ್ಪಾಗಬೇಕು, ಬೆಳ್ಳಿ ಬೆಳ್ಳಗೇ ಉಳಿಯಬೇಕು. ಎಲ್ಲ ಮಣ್ಣಿಗೂ ಆ ಗುಣವಿಲ್ಲ. ನೂರಾರು ವರ್ಷ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣು ಬೇಕು, ಅದನ್ನೂ ನಾಲಿಗೆಯ ಮೇಲಿಟ್ಟುಕೊಂಡೇ ಆರಿಸಬೇಕು.

ತೀರಿಹೋದ ಅಪ್ಪ ಆ ರುಚಿಯನ್ನು ಹಿರಿಯ ಮಗನಾದ ನನಗೊಬ್ಬನಿಗೇ ಕಲಿಸಿದ್ದ. ತಮ್ಮ ಕೇಳಿದಾಗಲೆಲ್ಲ, "ಈಗೇನ್ ಅವಸರ ಅದ?" ಎಂದು ತಳ್ಳಿಹಾಕುತ್ತಿದ್ದೆ. ನಿಜ ಹೇಳಿಬಿಡುತ್ತೇನೆ, ಅವನಿಗೂ ಗೊತ್ತಾದರೆ ನನ್ನನ್ನು ಕೇಳುವವರು ಯಾರು ಎಂಬ ಹೆದರಿಕೆ ಅದು. ಎರಡು ವರ್ಷದ ಹಿಂದೆ ಜ್ವರ ಬಂದು ಬಾಯಿರುಚಿ ಪೂರ್ತಿ ಹೋಯಿತು. ಭಾಲ್ಕಿಯ ಡಾಕ್ಟರು ತಾನಾಗಿಯೇ ಬರುತ್ತದೆ ಎಂದರು. ಬರಲಿಲ್ಲ. ಉಪ್ಪು ಮರೆತ ಪುಂಡಿಪಲ್ಯವನ್ನು ಸುಮ್ಮನೆ ತಿಂದೆದ್ದ ದಿನ ಹೆಂಡತಿಗೆ ಗೊತ್ತಾಯಿತು. ತಮ್ಮನಿಗೆ ಹೇಳಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡೆ. ಆಮೇಲೆ ಮೂರು ಸಲ ಮಣ್ಣು ಆರಿಸುವ ನಾಟಕ ಮಾಡಿದೆ. ಮೂರು ಸಲವೂ ಬೂದಿ ಬಣ್ಣವೇ.

ಕಪಾಟಿನ ಮುಂದೆ ತಮ್ಮ ನಿಂತುಬಿಟ್ಟ.

"ಅಣ್ಣಾ, ಅಪ್ಪಂದು ನೋಡ್ರಿ. ಕಾಡಿಗಿ ಹಾಂಗ ಕರ್ರಗ ಅದ. ನಮ್ದ್ಯಾಕ ಹಾಂಗ ಆಗವಲ್ದು?"

ನೋಡಿದೆ. ಅಪ್ಪನ ಕೆತ್ತನೆ ನನ್ನದಕ್ಕಿಂತ ಒರಟು. ಆದರೆ ಆ ಕಪ್ಪು! ತಟಕ್ಕನೆ ತಿರುಗಿ ಹೊರಗೆ ಬಂದೆ.

ತಮ್ಮ ಹಿಂದೆಯೇ ಬಂದ. ಕೋಟೆಯ ಹಿಂಬದಿಗೆ, ನಾವು ಮಣ್ಣು ತರುವ ಪಾಳು ಕೋಣೆಗೆ ಹೋದೆವು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಮರಳು ಸಿಕ್ಕಿತು, ಅಷ್ಟೇ.

"ಹ್ಯಾಂಗದ್ರಿ?"

ಇನ್ನು ನಾಟಕ ಸಾಕೆನಿಸಿತು. "ನನ್ನ ನಾಲಿಗಿ ಸತ್ತು ಎರಡು ವರ್ಷ ಆತೋ," ಎಂದೆ.

ಅವನು ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಆತು. ನಾ ತಿಂದ್ ಹೇಳ್ತೇನಿ. ನೀವು ಹೌದೋ ಅಲ್ಲೋ ಅಷ್ಟೇ ಹೇಳ್ರಿ," ಎಂದು ಮಣ್ಣು ಬಾಯಿಗೆ ಹಾಕಿಕೊಂಡ. "ಮೊದಲ ಜರಾ ಉಪ್ಪು. ಆಮ್ಯಾಲ ಕಹಿ. ಇದೇ ಏನ್ರಿ?"

ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಅಪ್ಪನ ಒರಟು ಬೆರಳು ತುಟಿಗೆ ತಾಗಿದ್ದು ನೆನಪಿದೆ. "ಇದು, ನೆನಪಿಟ್ಕೋ" ಎಂದದ್ದೂ ನೆನಪಿದೆ. ರುಚಿ ಮಾತ್ರ ನೆನಪಿಲ್ಲ. ನಾಲಿಗೆಯ ಜೊತೆಗೆ ಅದೂ ಹೋಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ ಎನ್ನುತ್ತಾರೆ. ನಾನು ಬಚ್ಚಿಟ್ಟದ್ದು ಪರರಿಗೂ ಸಿಗಲಿಲ್ಲ.

ತಮ್ಮ ಎದ್ದು ಇನ್ನೊಂದು ಮೂಲೆಗೆ ಹೋದ. "ಇಲ್ಲೀದು ಸಪ್ಪಗದ, ಕಡೀಗಿ ನಾಲಿಗಿ ಚುರ್ ಅಂತದ. ಇದ್ರಿ?"

ಅವನು ಉಗುಳಿ, ಬಾಯೊರೆಸಿಕೊಂಡು, ಮೂರನೆಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಒಂದೊಂದೇ ಚಿಟಿಕೆ ತಿಂದು ರುಚಿ ಹೇಳುತ್ತ ಹೋದ. ನನಗೆ ಯಾವುದಕ್ಕೂ ಹೌದು ಎನ್ನಲು ಬರಲಿಲ್ಲ.