ನಾಳೆಗೆ ಉಳಿಸಿದ ಬರ್ಫ

ಬಲಗೈಯಲ್ಲಿ ಜಪಮಾಲೆ, ಎಡಗೈಯಲ್ಲಿ ಮೂರು ಕಡ್ಡಿಯ ಕರಿ ಪ್ಲಗ್ಗು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ ಹೆಂಗಸನ್ನು ನೀವು ಎಲ್ಲಿಯಾದರೂ ಕಂಡಿದ್ದರೆ ಅವಳು ನಾನೇ ಇರಬೇಕು. ಬಸವಕಲ್ಯಾಣದ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ದಿನಾ ಸಂಜೆ ನಾನು ಹಾಗೆ ಕೂಡುತ್ತೇನೆ. ಎದುರಿಗೆ ಉದ್ದನೆಯ ಒಂದು ಡೀಪ್ ಫ್ರೀಜರು. ಅದರ ಮೈಮೇಲೆ ಅರ್ಧ ಕಿತ್ತುಹೋದ ಕುಲ್ಫಿಯ ಚಿತ್ರ. ಒಳಗೆ ಎದೆಮಟ ನೀರಿನಲ್ಲಿ ನನ್ನ ಮಗಳು ನೀಲಾ. ಅವಳು ಕಾಲಿಡುವ ಮೊದಲು ಪ್ಲಗ್ಗು ಗೋಡೆಯಿಂದ ಕಿತ್ತು ನನ್ನ ಕೈಗೆ ಬಂದಿರಬೇಕು, ನೆಲದ ಮೇಲೂ ಇರಬಾರದು, ಮೊಳೆಗೂ ತೂಗಬಾರದು. ನೂರೆಂಟು ಸಲ ಪಂಚಾಕ್ಷರಿ ಮುಗಿದರೆ ಅವಳು ಮೇಲೇಳಬೇಕು, ಅದಕ್ಕಿಂತ ಹೆಚ್ಚು ಹೊತ್ತು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಅವಳ ತುಟಿ ನಡುಗುವುದನ್ನು ಕಂಡ ದಿನ ನನ್ನ ಜಪ ಸ್ವಲ್ಪ ಓಡುತ್ತದೆ. ಆ ತಪ್ಪನ್ನು ಶಿವ ಮನ್ನಿಸುತ್ತಾನೆಂದು ನಂಬಿದ್ದೇನೆ.

ನೀಲಾಳಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಇಲ್ಲ. ನೀವು ನಾವೆಲ್ಲ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಬೇಸಿಗೆಯನ್ನು ಬೈಯುತ್ತೇವೆ, ಆದರೆ ಆ ಉಪ್ಪು ಹನಿಯೇ ವೈರು ಪ್ಲಗ್ಗುಗಳ ಹಂಗಿಲ್ಲದೆ ದೇವರು ನಮ್ಮ ಚರ್ಮದಲ್ಲಿ ಕೂಡಿಸಿಕೊಟ್ಟ ತಂಪಿನ ಯಂತ್ರವೆಂಬುದು ಅದಿಲ್ಲದ ಕೂಸನ್ನು ಎತ್ತಿಕೊಂಡವರಿಗೆ ಮಾತ್ರ ಗೊತ್ತು. ನಮ್ಮ ಕಡೆಯ ಚೈತ್ರದ ಬಿಸಿಲಿನಲ್ಲಿ ಅವಳ ಮೈ ತಗಡಿನ ಹಾಗೆ ಕಾಯುತ್ತದೆ; ತಲೆ ಸುತ್ತುತ್ತದೆ, ಕಣ್ಣು ಕೆಂಪೇರುತ್ತದೆ, ಮಾತು ತಡವರಿಸುತ್ತದೆ. ಅಂಥವಳು ಈ ವರ್ಷ ಹತ್ತನೆಯ ಪರೀಕ್ಷೆ ಬರೆಯಬೇಕಾಗಿತ್ತು: ಸಿಮೆಂಟು ಶೀಟಿನ ಕೋಣೆ, ಒಂದೊಂದು ಪೇಪರಿಗೂ ಮೂರು ತಾಸು.

ಅದಕ್ಕೆಂದೇ ನಾನು ಹಳೆಯ ಕೌದಿ ಬಿಚ್ಚಿ, ಎದೆಗೆರಡು ಬೆನ್ನಿಗೆರಡು ಜೇಬಿಟ್ಟು, ಒಂದು ತೋಳಿಲ್ಲದ ಅಂಗಿ ಹೊಲಿದೆ. ಬರ್ಫವನ್ನು, ಅಂದರೆ ಮಂಜುಗಡ್ಡೆಯನ್ನು, ಚೀಲಗಳಲ್ಲಿ ಬಿಗಿದು ಆ ಜೇಬುಗಳಿಗೆ ತುಂಬಿದರೆ ಮೂರು ತಾಸಿಗೆ ಸಾಕಾಗುತ್ತಿತ್ತು. ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಅಲ್ಲಿ ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯಿಂದ ಈ ಫ್ರೀಜರನ್ನು ಟೆಂಪೋದಲ್ಲಿ ಹೇರಿ ತಂದಿದ್ದರು. ಫ್ರಿಜ್ ರಿಪೇರಿಯ ಮಹಬೂಬ ಭಾಯಿ ಅದರ ಸಂದುಗಳನ್ನೆಲ್ಲ ಮುಚ್ಚಿ ತೊಟ್ಟಿ ಮಾಡಿಕೊಟ್ಟರು. ಪ್ಲಗ್ಗಿನ ಕಾನೂನು ಕೂಡ ಅವರದೇ. ಸಂಜೆ ಮಗಳಿಗೆ ತಣ್ಣೀರು, ಮುಂಜಾನೆ ಒಳಗೋಡೆಗಂಟಿದ ಬರ್ಫದ ಹಲಗೆ. ಒಂದೇ ಪೆಟ್ಟಿಗೆ ಎರಡು ಕೆಲಸ ಮಾಡಬೇಕು. ಅಡಿಗೆಮನೆಯ ಫ್ರಿಜ್ಜು ಕೊಡುವುದು ಎರಡು ಬಟ್ಟಲು ತುಂಡು. ಪೇಟೆಯಲ್ಲಿ ಕಬ್ಬಿನಹಾಲಿನ ಗಾಡಿಗಳಿಗೆ ಬರ್ಫ ಬರುವಷ್ಟರಲ್ಲಿ ಪರೀಕ್ಷೆಯ ಗಂಟೆ ಹೊಡೆದಿರುತ್ತದೆ.

ಆದರೆ ಆ ಪೆಟ್ಟಿಗೆಗೆ ನಂಬಿಕೆ ಎಂಬುದಿರಲಿಲ್ಲ. ಒಂದು ಮುಂಜಾನೆ ಅಂಗೈ ದಪ್ಪದ ಹಲಗೆ ಕೊಟ್ಟರೆ ಮುಂದಿನ ಮೂರು ಮುಂಜಾನೆ ಬರೀ ತಣ್ಣೀರು ತೋರಿಸಿ ಸುಮ್ಮನಾಗುತ್ತಿತ್ತು. ಶಾಲೆಯವರು ಮೊದಲೊಂದು ತಯಾರಿಯ ಪರೀಕ್ಷೆ ಇಟ್ಟಿದ್ದರಲ್ಲ, ಅಂದೂ ಹಾಗೇ ಆಯಿತು. ಒದ್ದೆ ಟವೆಲು ಸುತ್ತಿಕೊಂಡು ಹೋದ ನೀಲಾ ಒಂದು ತಾಸಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟಳು. ಆಟೋದಲ್ಲಿ ಮನೆಗೆ ಬಂದವಳು ನೀರಿನಲ್ಲಿ ಕೂತು, ಕಣ್ಣು ತೆರೆದು ಹೇಳಿದ್ದು ಒಂದೇ ಮಾತು:

“ಮುಂದಿನ ವರ್ಷ ಬರದರಾಯ್ತು ಅಂತ ಮಾತ್ರ ಅನಬ್ಯಾಡ ಅವ್ವಾ.”

ನನ್ನ ನಾಲಿಗೆಯ ತುದಿಯಲ್ಲಿ ಅದೇ ಮಾತಿತ್ತು. ನುಂಗಿಕೊಂಡು ಮಹಬೂಬ ಭಾಯಿಗೆ ಹೇಳಿಕಳಿಸಿದೆ. ಅದು ಅವರ ಮೂರನೆಯ ಸುತ್ತು. ಫ್ರೀಜರಿನ ಬೆನ್ನು ಮುಟ್ಟಿ, ಕಿವಿಯಿಟ್ಟು ಕೇಳಿ, ನಾಡಿ ಹಿಡಿದ ಹಕೀಮರ ಹಾಗೆ ತಲೆಯಾಡಿಸಿದರು.

“ಅಕ್ಕೋರೆ, ಮಷೀನಿಗಿ ಏನೂ ಬ್ಯಾನಿ ಇಲ್ರಿ. ಈ ನೀರು ಯಾವಾಗ ತುಂಬಿದ್ದು?”

“ನಿನ್ನಿ ಸಂಜೀಕ.”

“ಮೊನ್ನಿದು?”

“ಮೊನ್ನಿದು ಚೆಲ್ಲಿದೆ. ದಿನಾ ಚೆಲ್ಲತೀನ್ರಿ. ಮೈ ತೊಳದ ನೀರಾಗ ಮತ್ತ ಯಾರರೆ ಕೂಡ್ರತಾರೇನು?”

ಅವರು ಕೈ ಒರೆಸಿಕೊಂಡು ಮಾಳಿಗೆಯ ಮೇಲಿನ ನೀರಿನ ಟಾಕಿಯತ್ತ ಗದ್ದ ಎತ್ತಿ ತೋರಿಸಿದರು. “ಆ ಟಾಕಿ ನೀರಾಗ ಚಾ ಪುಡಿ ಹಾಕಿದರ ಚಾ ಆಗ್ತದ. ದಿನಾ ಇದಕ ಬಿಸಿನೀರು ಕುಡಸಾಕತ್ತೀರಿ, ಮತ್ತ ಮುಂಜಾನಿ ಬರ್ಫ ಕೊಡು ಅಂತೀರಿ. ಪಾಪ, ಇದು ಎಮ್ಮಿ ಆಗಿದ್ದರ ಎಂದೋ ಒದೀತಿತ್ತು.”

ನಗು ಬರಲಿಲ್ಲ ನನಗೆ. ಎರಡು ಹೊತ್ತು ಇಷ್ಟಲಿಂಗಕ್ಕೆ ನೀರೆರೆಯುವ ಹೆಂಗಸು ನಾನು, ನೀರಿನ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಬೇಕೇ ಎಂಬ ಬಿಗುಮಾನ. ಚೆಲ್ಲುವುದು ಬಿಡಲಾರೆನೆಂದೆ. ಆಗ ಬಾಗಿಲಲ್ಲಿ ನಿಂತಿದ್ದ ನೀಲಾ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಹೊರಗೆ ಹಾಕಿದಳು.

“ಅವ್ವಾ, ನಾ ಇಳಿಯೂದ್ರಾಗ ಸಾಬಾಣ ಹಚ್ಚಿ ಮೈ ತೊಳಕೊಂಡೇ ಇಳೀತೀನಿ. ನನಗ ಬೆವರರೆ ಎಲ್ಲಿ ಬರ್ತದ? ನಾ ಕೂತು ಎದ್ದ ನೀರು ಅಷ್ಟು ಹೊಲಸ ಏನು? ನೀ ದಿನಾ ಬಕೀಟಿಲೆ ಎತ್ತಿ ಎತ್ತಿ ಚೆಲ್ಲೂದು ನೋಡಿದರ, ಏನೋ ಜಡ್ಡು ಚೆಲ್ಲಾಕತ್ತೀದಿ ಅನಸ್ತದ ನನಗ.”

ಮಹಬೂಬ ಭಾಯಿ ತಮ್ಮ ಪಕ್ಕಡು, ಪಾನಾ ಮೊದಲಾದ ಸಲಕರಣೆಗಳನ್ನು ಒಂದೊಂದಾಗಿ, ಅಗತ್ಯಕ್ಕಿಂತ ಹೆಚ್ಚು ಜಾಗರೂಕತೆಯಿಂದ, ಚೀಲಕ್ಕೆ ಹಾಕಿಕೊಳ್ಳತೊಡಗಿದರು.

ನಾನು ಮಡಿಯೆಂದು ಮಾಡಿದ್ದು ಅವಳ ಕಣ್ಣಿಗೆ ಮೈಲಿಗೆಯಾಗಿ ಕಂಡಿತ್ತು. ಸಾವಿರ ಜನ ಮುಳುಗೇಳುವ ಕೆರೆಗೆ ಕೈಮುಗಿದು ಅದೇ ನೀರನ್ನು ಕಣ್ಣಿಗೊತ್ತಿಕೊಳ್ಳುವ ನಾನು, ಹೆತ್ತ ಮಗಳು ಕೂತ ನೀರನ್ನು ಮೋರಿಗೆ ಸುರಿಯುತ್ತಿದ್ದೆ. ಸುರಿಯುವಾಗ ಬೆನ್ನು ನೋಯುತ್ತಿತ್ತಲ್ಲ, ಆ ನೋವನ್ನು ತಾಯಿಯ ಸೇವೆಯೆಂದು ಲೆಕ್ಕ ಹಿಡಿಯುತ್ತಲೂ ಇದ್ದೆ.

ಅಂದು ನೀರು ಚೆಲ್ಲಲಿಲ್ಲ. ಮುಚ್ಚಳದ ಮೇಲೆ ಕೌದಿ ಹೊದಿಸಿ ಸುಮ್ಮನೆ ಬಿಟ್ಟೆ. ಮುಂಜಾನೆ ಗೋಡೆಗೆ ಹಲಗೆ ಕಟ್ಟಿತ್ತು. ಅದರ ಮರುದಿನವೂ ಕಟ್ಟಿತ್ತು. ಆಗ ಇನ್ನೊಂದು ವಿಚಾರ ತಲೆಗೆ ಬಂತು. ಹುಡಗಿ ಎಂಬ ಊರಿನ ನನ್ನ ತವರುಮನೆಯಿಂದ ಬರುವಾಗ ನಮ್ಮವ್ವ ಒಂದು ಗಿಂಡಿಯಲ್ಲಿ ಮೊಸರು ಕೊಟ್ಟಿದ್ದಳು. ಎಷ್ಟೇ ಮಂದಿ ಉಂಡರೂ ತಳದಲ್ಲಿ ಒಂದು ಚಮಚ ಉಳಿಸಿ, ಅದನ್ನೇ ನಾಳಿನ ಹಾಲಿಗೆ ಹೆಪ್ಪು ಹಾಕುತ್ತ, ಆ ಮೊಸರನ್ನು ಇವತ್ತಿಗೂ ನಡೆಸಿಕೊಂಡು ಬಂದಿದ್ದೇನೆ. ಹಾಲಿಗೆ ಸಲ್ಲುವ ಆ ಮರ್ಯಾದೆ ನೀರಿಗೆ ಯಾಕೆ ಸಲ್ಲಬಾರದು? ಅಂದಿನಿಂದ ಮುಂಜಾನೆ ಹಲಗೆ ತೆಗೆಯುವಾಗ ಕಾಲು ಭಾಗ ಬರ್ಫವನ್ನು ನೀರಲ್ಲೇ ತೇಲಲು ಬಿಟ್ಟೆ. ಕುಟ್ಟಿ ಒಡೆದರೆ ತಗಡು ತೂತಾದೀತೆಂದು ಪ್ಲಗ್ಗು ಕಿತ್ತಿಟ್ಟು, ಅಂಚಿಗೆ ಒಂದು ತಂಬಿಗೆ ಬೆಚ್ಚನೆಯ ನೀರು ಹನಿಸುತ್ತಿದ್ದೆ. ಹಲಗೆ ಹೆಂಚಿನಿಂದೇಳುವ ದೋಸೆಯ ಹಾಗೆ ತಾನೇ ಬಿಟ್ಟುಕೊಳ್ಳುತ್ತಿತ್ತು. ವಾರಕ್ಕೊಮ್ಮೆ ನೀರು ಬದಲಿಸುವ ದಿನವೂ ಉಳಿಕೆಯ ಬರ್ಫವನ್ನು ಪಾತೇಲಿಯಲ್ಲಿ ಮುಚ್ಚಿಟ್ಟು ಹೊಸ ನೀರಿಗೆ ಮತ್ತೆ ಹಾಕುತ್ತಿದ್ದೆ. ಮಹಬೂಬ ಭಾಯಿ ನೋಡಿ, “ಮೂವತ್ತು ವರ್ಷ ಆಯ್ತು ಈ ಧಂದೆದಾಗ, ಬರ್ಫಕ ಹೆಪ್ಪು ಹಾಕೂದು ಇದೇ ಮೊದಲ ನೋಡಿದೆ,” ಎಂದರು. ಹೊಗಳಿಕೆಯೋ ಚೇಷ್ಟೆಯೋ, ನಾನಂತೂ ಹೊಗಳಿಕೆಯೆಂದೇ ಇಟ್ಟುಕೊಂಡೆ.

ಗಣಿತದ ಪೇಪರಿನ ಹಿಂದಿನ ಮಧ್ಯಾಹ್ನ ಕರೆಂಟು ಹೋದದ್ದು ಮರಳಿ ಬಂದದ್ದು ಮುಂಜಾನೆ. ಕೌದಿ ಸರಿಸಿ ಮುಚ್ಚಳ ಎತ್ತಿದೆ. ಹೊಸ ಹಲಗೆ ಕಟ್ಟಿರಲಿಲ್ಲ, ನಿಜ. ಆದರೆ ದಿನದಿನವೂ ಉಳಿಸುತ್ತ ಬಂದ ಬರ್ಫ, ಮೂಲೆ ಸವೆದು ಗುಂಡಗಾಗಿ, ಬಾವಿಯಲ್ಲಿ ಬಿಟ್ಟ ಆಮೆಯಂತೆ ನಿಶ್ಚಿಂತೆಯಿಂದ ತೇಲುತ್ತಿತ್ತು. ನಾಲ್ಕೂ ಜೇಬು ತುಂಬಿ ಒಂದು ಹಿಡಿ ಉಳಿಯಿತು. ಆ ಒಂದು ಹಿಡಿಯನ್ನು ನಾನು ಮರಳಿ ನೀರಿಗೇ ಬಿಟ್ಟೆ. ಶಿವನ ದಯೆ ಬರುವಾಗ ಯಾವಾಗಲೂ ಹೊಳೆಯಾಗಿಯೇ ಬರಬೇಕೆಂದಿಲ್ಲ. ನನ್ನ ಮನೆಗೆ ಅದು ಬಂದದ್ದು ನಾಲ್ಕು ಜೇಬಿನ ಅಳತೆಯಲ್ಲಿ.

ಕೊನೆಯ ಪೇಪರು ಮುಗಿಸಿ ನೀಲಾ ಆಟೋದಿಂದ ಇಳಿದಾಗ ಕೌದಿಯಂಗಿಯಿಂದ ನೀರು ತೊಟ್ಟಿಕ್ಕಿ ಅವಳ ಹಿಂದೆ ಅಂಗಳದುದ್ದಕ್ಕೂ ಚುಕ್ಕಿ ಬಿದ್ದಿತ್ತು. ಎಲ್ಲ ಪ್ರಶ್ನೆಗೂ ಬರೆದಳಂತೆ. ಫಲಿತಾಂಶ ಇನ್ನೂ ಬಂದಿಲ್ಲ. ನಾನು ಕೇಳಿಕೊಂಡದ್ದು ಅವಳು ಮೂರು ತಾಸು ಕೂತು ಬರೆಯುವುದನ್ನು, ಅದು ಆಗಿದೆ. ಸಂಜೆ ಅವಳು ನೀರಿನಿಂದೆದ್ದು ಬಟ್ಟೆ ಸುತ್ತಿಕೊಂಡು ನನ್ನ ಸ್ಟೂಲಿನ ಮುಂದೆ ಬಂದು ನಿಂತಳು.

“ಇವತ್ತ ನೀ ಇಳಿ.”

“ಹುಚ್ಚಿ, ನನಗ್ಯಾಕ ಅದೆಲ್ಲ?”

“ನಾ ಕೂತ ನೀರಂತನಾ?”

ಎದ್ದು, ಎರಡು ತಂಬಿಗೆ ಮೈಮೇಲೆ ಸುರಿದುಕೊಂಡು, ಹಳೆಯ ಸೀರೆಯಲ್ಲಿ ತೊಟ್ಟಿಯ ಮುಂದೆ ಬಂದು ನಿಂತೆ. ಅಷ್ಟರೊಳಗೇ ಹಣೆಯಲ್ಲಿ ಬೆವರು ಮತ್ತೆ ಮೂಡಿ, ಗಲ್ಲದ ತುದಿಯಿಂದ ಒಂದು ಹನಿ ಆ ತಿಳಿನೀರಿಗೆ ಬಿತ್ತು. ಇಬ್ಬರೂ ನೋಡಿದೆವು. ಅಷ್ಟು ದಿನದಲ್ಲಿ ಆ ನೀರಿಗೆ ಬಿದ್ದ ಮೊದಲ ಬೆವರು ಅದು.

“ಈಗ ಚೆಲ್ಲಬೇಕೇನು?” ಎಂದಳು ಮಗಳು, ಮುಖದಲ್ಲಿ ನಗುವಿನ ಗೆರೆಯಿಲ್ಲದೆ.

ನಾನು ಒಳಗೆ ಕಾಲಿಟ್ಟೆ. ಉಸಿರು ಹಿಡಿದುಹೋಯಿತು. ನಾಳೆಗೆಂದು ಬಿಟ್ಟಿದ್ದ ಬರ್ಫ ತೇಲುತ್ತ ಬಂದು ನನ್ನ ಮೊಣಕಾಲಿಗೆ ತಾಗಿತು. ಸ್ಟೂಲಿನ ಮೇಲೆ ನೀಲಾ, ಅವಳ ಬಲಗೈಯಲ್ಲಿ ನನ್ನ ಜಪಮಾಲೆ, ಎಡಗೈಯಲ್ಲಿ ಮೂರು ಕಡ್ಡಿಯ ಕರಿ ಪ್ಲಗ್ಗು.

“ಎಷ್ಟಾಯ್ತೇ?” ಎಂದೆ, ಹಲ್ಲು ಕಟಕಟಿಸುತ್ತ.

“ಇನ್ನಾ ನಾಕ ಆಗ್ಯಾವ,” ಎಂದು ಅವಳು ಐದನೆಯ ಮಣಿಯ ಮೇಲೆ ಬೆರಳಿಟ್ಟಳು, ಒಂದಿಷ್ಟೂ ಅವಸರವಿಲ್ಲದೆ.