ಹಸನಬ್ಬರ ಮುಗಿಯದ ಆಟ

ಧಾರವಾಡದ ಬಸ್ಸು ಉಡುಪಿ ಮುಟ್ಟಿದಾಗ ಬೆಳಗಾಗಿತ್ತು. ನವೆಂಬರ್ ಆದರೂ ಸೆಕೆ. ಬನ್ನಂಜೆಯ ಲಾಡ್ಜಿನಲ್ಲಿ ಸ್ನಾನ ಮುಗಿಸಿ, ಇಡ್ಲಿ ತಿಂದು ಮಣಿಪಾಲದ ಸಿಟಿ ಬಸ್ಸು ಹತ್ತಿದೆ. ಅಲ್ಲಿ ಹಸನಬ್ಬರ ನೆನಪಿಗೊಂದು ಕೂಟವಿತ್ತು.

ಹಸನಬ್ಬ ಯುದ್ಧದಾಟಗಳನ್ನು ರೂಪಿಸುತ್ತಿದ್ದವರು. ಹಳೆಯ ಕಾಳಗವೊಂದರ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ರಟ್ಟಿನ ಕಾಯಿಗಳನ್ನು ಸೈನ್ಯದಂತೆ ನಡೆಸಿ, ದಾಳ ಹಾಕಿ ಆಡುವ ಆಟಗಳು. ಆ ಹವ್ಯಾಸದವರ ನಡುವೆ ಅವರ ಮಾತೆಂದರೆ ಮಾತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಹೊಸ ಆಟ ತಯಾರಾದಾಗಲೆಲ್ಲ ನನಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಾನು ಆಡಿ ನೋಡಿ ಕುಂದುಕೊರತೆ ಹೇಳುತ್ತಿದ್ದೆ. ಮುಖಾಮುಖಿ ಭೇಟಿಯಾಗಿರಲಿಲ್ಲ. ಫೋನಿನಲ್ಲಿ ಆ ಖಡಕ್ ದನಿ ಕೇಳಿ, ಸೈನ್ಯದಿಂದ ನಿವೃತ್ತರಾದವರೆಂದೇ ನಂಬಿದ್ದೆ.

ಕೂಟದಲ್ಲಿ ಭಾಷಣವಿರಲಿಲ್ಲ. ಎಲ್ಲ ಮೇಜುಗಳಲ್ಲೂ ಅವರ ಆಟಗಳೇ ನಡೆದಿದ್ದವು. ಗೋಳಿಬಜೆ ತಿನ್ನುತ್ತ, “ಸರ್ ಯಾವ ರೆಜಿಮೆಂಟಿನಲ್ಲಿದ್ದರು?” ಎಂದು ಕೇಳಿದೆ.

“ರೆಜಿಮೆಂಟಾ? ನೌಕಾಪಡೆ ಅಲ್ವಾ?” ಎಂದರು ಕೂಟ ನಡೆಸುತ್ತಿದ್ದ ದಂತವೈದ್ಯ ಪ್ರಕಾಶ್.

“ಎಂತದ್ದು ಮಾರಾಯ, ಅವರು ಮಾಸ್ಟ್ರಾಗಿದ್ದವರು,” ಎಂದರು ಪಕ್ಕದ ಮೇಜಿನವರು.

ಹಸನಬ್ಬರು ಏನಾಗಿದ್ದರೆಂದು ಅವರೊಡನೆ ಕೂತು ಆಡಿದವರಿಗೇ ಗೊತ್ತಿರಲಿಲ್ಲ. ಪ್ರಕಾಶ್ ನನ್ನನ್ನು ಬದಿಗೆ ಕರೆದರು. “ಅವರ ಕೊನೆಯ ಆಟ ಕಾರ್ಕಳದ ಸದಾಶಿವಣ್ಣನ ಹತ್ತಿರ ಉಂಟು. ನಮಗೆ ಅದನ್ನು ಅಚ್ಚು ಹಾಕಿಸಬೇಕು. ಕಾಪುವಿನಲ್ಲಿರುವ ಹಸನಬ್ಬರ ತಂಗಿ ಒಪ್ಪುವುದಿಲ್ಲ. ನೀವೊಮ್ಮೆ ಕೇಳಿ ನೋಡ್ತೀರಾ?” ಹೂಂ ಎಂದೆ.

ಮರುದಿನ ಕಾಪುವಿಗೆ ಹೋದೆ. ದೀಪಸ್ತಂಭದ ದಾರಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ತಂಗಿ ನೆಬಿಸ ನೀರುದೋಸೆ, ಬಂಗುಡೆ ಸಾರು ಬಡಿಸಿದರು. ವಿಷಯ ತೆಗೆದ ಕೂಡಲೇ ಅವರ ಮುಖ ಬಿಗಿಯಿತು.

“ಸೈನ್ಯವೂ ಇಲ್ಲ, ಎಂತದೂ ಇಲ್ಲ ಟೀಚರ್. ಅಣ್ಣ ಗಲ್ಫಿನಲ್ಲಿ ದಿನಸಿ ಅಂಗಡಿಯಲ್ಲಿದ್ದ. ಅಲ್ಲಿ ಯುದ್ಧ ಶುರುವಾದಾಗ ಲಾರಿ ಹತ್ತಿ ಮರುಭೂಮಿ ದಾಟಿ ಬಂದ. ಆಮೇಲೆ ಪಟಾಕಿ ಸದ್ದು ಕೇಳಿದರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ತಿದ್ದ. ಅಂಥವನಿಗೆ ಯುದ್ಧದ್ದೇ ಆಟ ಯಾಕೆ? ನೀವು ಓದಿದವರು, ಹೇಳಿ.”

ಅಷ್ಟು ವರ್ಷ ಫೋನಿನಲ್ಲಿ ಮಾತಾಡಿದ್ದು ಯಾರೊಡನೆ ಎಂಬುದೇ ಅನುಮಾನವಾಯಿತು.

ಆಟವನ್ನಾದರೂ ನೋಡೋಣವೆಂದು ಸದಾಶಿವರಲ್ಲಿಗೆ ಹೊರಟೆ. ಬೆಳ್ಮಣ್ ದಾಟಿ ಕಾರ್ಕಳ ತಲುಪುವವರೆಗೂ ಅದೇ ಯೋಚನೆ. ಸದಾಶಿವರು ಹಿಂದೆ ಪ್ರೆಸ್ ನಡೆಸುತ್ತಿದ್ದವರು. ಹಸನಬ್ಬರ ಕಾಯಿಗಳನ್ನು ಅಚ್ಚು ಹಾಕಿ ಕತ್ತರಿಸಿ ಕೊಡುತ್ತಿದ್ದವರು. ಮೇಜಿನ ಮೇಲೆ ಆ ಕೊನೆಯ ಆಟ ಹಾಸಿದರು. ಕೋಟೆಯಿಲ್ಲ, ನದಿಯಿಲ್ಲ, ಮರಳ ನಡುವೆ ಒಂದು ರಸ್ತೆ. ಸೈನ್ಯಗಳು ದಾಳ ಬಿದ್ದಂತೆ ತಾವಾಗಿ ಸರಿಯುತ್ತವೆ. ನಮ್ಮ ಕೈಯಲ್ಲಿರುವುದು ಒಂದು ಲಾರಿ. ಅದರಲ್ಲಿ ಒಬ್ಬ ಡ್ರೈವರ್, ಅಂಗಡಿಯವ, ದರ್ಜಿ, ಬಸುರಿ ಹೆಂಗಸು.

ಬೇರೆ ಆಟಗಳ ರೂಢಿಯಂತೆ ಸೈನ್ಯವನ್ನು ತಡೆಯಲು ನಾನು ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿದೆ. “ಯಾರನ್ನು ತಡೀತೀರಿ ಮೇಡಂ? ಓಡಬೇಕಾದದ್ದು ನೀವೇ,” ಎಂದರು ಸದಾಶಿವರು. ಅರ್ಧ ದಾರಿಯಲ್ಲಿ ನೀರು ಮುಗಿಯಿತು. ನಿಯಮದಂತೆ ಒಬ್ಬರನ್ನು ಇಳಿಸಬೇಕು. ಯಾರನ್ನೆಂದು ತೋಚದೆ ಕೈ ಕಟ್ಟಿ ಕೂತೆ.

“ಹಸನಬ್ಬರು ಯಾರನ್ನು ಇಳಿಸ್ತಿದ್ದರು?”

“ಇಲ್ಲಿಗೆ ಬಂದ ಕೂಡಲೇ ಕಾಯಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿಬಿಡ್ತಿದ್ದ. ಒಮ್ಮೆಯೂ ಮುಗಿಸಲಿಲ್ಲ.” ಸದಾಶಿವರು ಕನ್ನಡಕ ತೆಗೆದು ಒರೆಸಿದರು. “ಇದನ್ನು ನೆಬಿಸಕ್ಕನಿಗೆ ತೋರಿಸದೆ ಒಪ್ಪಿಗೆ ಕೇಳುವುದು ಸರಿಯಲ್ಲ. ನಡೀರಿ.”

ಇಬ್ಬರೂ ಕಾಪುವಿಗೆ ಬಂದೆವು. ನೆಬಿಸ ಮೊದಲು ಬೇಡವೆಂದರು. ಆಮೇಲೆ ಕತ್ತರಿಯ ಚಿತ್ರವಿದ್ದ ಕಾಯಿಯನ್ನು ಕೈಗೆತ್ತಿಕೊಂಡರು.

“ಇದು ದರ್ಜಿಯಾ?”

“ಹೌದು ಅಕ್ಕ.”

“ನನಗೆ ಮದುವೆ ನಿಶ್ಚಯವಾಗಿದ್ದವ ಗಲ್ಫಿನಲ್ಲಿ ದರ್ಜಿ. ಅಣ್ಣನೊಟ್ಟಿಗೆ ಹೊರಟವ ಊರಿಗೆ ಬರಲಿಲ್ಲ. ದಾರಿಯಲ್ಲಿ ತಪ್ಪಿಹೋದ ಅಂತ ಮಾತ್ರ ಅಣ್ಣ ಹೇಳಿದ್ದು.” ಕಾಯಿಯನ್ನು ಮತ್ತೆ ಲಾರಿಯ ಮೇಲಿಟ್ಟರು. “ನನಗೆ ಆಡಲು ಕಲಿಸಿ,” ಎಂದರು.

ಸದಾಶಿವರು ಕಲಿಸಿದರು. ನೀರು ಮುಗಿದಲ್ಲಿಗೆ ಬಂದಾಗ ನೆಬಿಸ ಕಾಯಿಗಳನ್ನು ಒಂದೊಂದಾಗಿ ಮುಟ್ಟಿದರು. ಕೊನೆಗೆ ದರ್ಜಿಯನ್ನು ಮೆಲ್ಲಗೆ ಮರಳಿನ ಮೇಲಿಟ್ಟರು.

“ಬಸುರಿ ಇರುವಾಗ ಅವನೇ ಇಳಿದಿರ್ತಾನೆ. ಅಣ್ಣ ಇಳಿಸಿದ್ದಲ್ಲ,” ಎಂದು ಲಾರಿಯನ್ನು ಗಡಿ ದಾಟಿಸಿದರು.

ನಡೆದದ್ದು ಹಾಗೆಯೋ ಬೇರೆಯೋ, ಆ ಆಟದಲ್ಲಿದ್ದದ್ದು ನಿಜಕ್ಕೂ ನಡೆದದ್ದೇ ಹೌದೋ, ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. “ಅಚ್ಚು ಹಾಕಿಸಿ,” ಎಂದಷ್ಟೇ ನೆಬಿಸ ಹೇಳಿದರು.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಅಂಗಳ ದಾಟಿ ತಿರುಗಿ ನೋಡಿದೆ. ನೆಬಿಸ ಕಾಯಿಗಳನ್ನು ಮತ್ತೆ ಮೊದಲಿನಿಂದ ಜೋಡಿಸುತ್ತಿದ್ದರು. ಹೊರಡುವಾಗಲೇ ಲಾರಿಗೆ ಇನ್ನೊಂದು ಕ್ಯಾನ್ ನೀರು ಹಾಕಿಕೊಳ್ಳಬಹುದಾ ಎಂದು ಸದಾಶಿವರನ್ನು ಕೇಳುತ್ತಿದ್ದರು.