ಕಾಲರ್ ಅಕ್ಕನ ಬೆರಳಿಗೆ ಸಿಕ್ಕ ಗಂಟು

ಕಾಲರ್ ಅಕ್ಕ ಹದಿನೆಂಟು ವರ್ಷದಿಂದ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಕಾಲರ್ ಹೊಲಿಯುವವಳು. ಮಡಿಕೆಯೊಳಗೆ ನೂಲು ಗಂಟಾಗಿದ್ದರೆ ಅವಳ ಬೆರಳಿಗೆ ತಕ್ಷಣ ಗೊತ್ತು. ಕೊರಳಿಗೆ ದಾರದಲ್ಲಿ ನೇತುಬಿಟ್ಟ ಪುಟ್ಟ ಕತ್ತರಿಯಿಂದ ಚಕ್ಕನೆ ಕತ್ತರಿಸುತ್ತಾಳೆ.

ಕಳೆದ ತಿಂಗಳು ಮನೆಯ ಬಚ್ಚಲಲ್ಲಿ ಅದೇ ಬೆರಳಿಗೆ, ಮಲದ್ವಾರದ ಅಂಚಿನಲ್ಲಿ, ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಹಿಂದಿನ ದಿನ ಇರಲಿಲ್ಲ. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಹೆದರಿದಳು, ನಿಜ. ಆದರೂ ಏನಿದು ಎಂದು ನೋಡದೆ ಬಿಡುವ ಪೈಕಿಯವಳಲ್ಲ. ಕನ್ನಡಿಯನ್ನು ನೆಲಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತಳು. ನೇರಳೆ ಬಣ್ಣ, ಬಿಗಿದ ಚರ್ಮ. ಕೈ ತಾನಾಗಿ, ಕೊರಳಿಂದ ತೆಗೆದು ಮೊಳೆಗೆ ಸಿಕ್ಕಿಸಿದ್ದ ಕತ್ತರಿಯತ್ತ ಹೋಯಿತು.

"ಅತ್ತಿಗೆ, ಒಳಗೇ ಸಂಸಾರ ಹೂಡಿದ್ರಾ?" ನಾದಿನಿ ಬಾಗಿಲು ಬಡಿದಳು.

"ಗಂಟೊಂದಿದೆ ಕಣೇ. ಕತ್ತರಿಸಿಬಿಟ್ರೆ ಮುಗೀತು."

"ಅದೇನು ಅಂಗೀನಾ? ಕೊಡಿ ಇಲ್ಲಿ ಕತ್ತರಿ!"

ಬಾಗಿಲು ತೆಗೆಸಿ ಕತ್ತರಿ ಕಸಿದುಕೊಂಡವಳು ನೇರ ಆಸ್ಪತ್ರೆಗೇ ಎಳೆದೊಯ್ದಳು.

ಡಾಕ್ಟರಮ್ಮ ಪರೀಕ್ಷಿಸಿ ಹೇಳಿದರು: "ಹೊರಗಿನ ಮೂಲವ್ಯಾಧಿ. ರಕ್ತನಾಳ ಊದಿ ಒಳಗೆ ರಕ್ತ ಹೆಪ್ಪುಗಟ್ಟಿದೆ. ಅದಕ್ಕೇ ಈ ಬಣ್ಣ, ಈ ನೋವು."

"ಕ್ಯಾನ್ಸರ್ ಅಲ್ವಾ?"

"ಅಲ್ಲ. ಬೆಚ್ಚಗಿನ ನೀರಲ್ಲಿ ಕೂತ್ಕೊಳ್ಳಿ, ಕೆಲವು ವಾರದಲ್ಲಿ ಕುಗ್ಗುತ್ತೆ. ಆದ್ರೆ ರಕ್ತ ಬಂದ್ರೆ, ಮೂಲವ್ಯಾಧಿದೇ ಇರಬೇಕು ಅಂತ ಸುಮ್ನಿರಬೇಡಿ, ಬಂದು ತೋರ್ಸಿ."

"ನಾನೇ ಕತ್ತರಿಸಿದ್ದಿದ್ರೆ?"

"ರಕ್ತ ಹರಿದು, ಕೀವಾಗಿ, ಇಲ್ಲಿ ಮಲಗಿರ್ತಿದ್ರಿ. ದಿನಕ್ಕೆ ಎಷ್ಟು ನೀರು ಕುಡೀತೀರಿ?"

ಅಕ್ಕ ನಕ್ಕುಬಿಟ್ಟಳು. "ಕುಡಿದ್ರೆ ಹೋಗ್ಬೇಕಲ್ಲ ಡಾಕ್ಟ್ರೇ!"

ಅಕ್ಕನ ಬಾಯಿಂದಲೇ ಇದನ್ನು ಕೇಳಿ ಬರೆಯುತ್ತಿರುವ ನನಗೆ ಆ ನಗು ಇನ್ನೂ ಚುಚ್ಚುತ್ತಿದೆ. ಅವಳ ಸಾಲಿನಲ್ಲಿ ನಲವತ್ತು ಯಂತ್ರ. ಶೌಚಾಲಯಕ್ಕೆ ಹೋಗಬೇಕಾದರೆ ಸೂಪರ್‌ವೈಸರನ ಮೇಜಿನ ಮೇಲಿರುವ ಮರದ ಬಿಲ್ಲೆ ಕೇಳಿ ಒಯ್ಯಬೇಕು. ನಲವತ್ತು ಜನಕ್ಕೆ ಒಂದೇ ಬಿಲ್ಲೆ! ನೀರು ಕುಡಿಯುವುದನ್ನೇ ಬಿಟ್ಟು, ತಡೆದು ತಡೆದು ಮಲ ಕಲ್ಲಾಗಿ, ಮನೆಗೆ ಬಂದು ತಿಣುಕುವುದು. ಈ ಬಿಲ್ಲೆ ಕಂಡುಹಿಡಿದ ಮಹಾನುಭಾವನ ಕುರ್ಚಿಯಿಂದ ಅವನ ಶೌಚಾಲಯಕ್ಕೆ ಎಷ್ಟು ಹೆಜ್ಜೆ ಎಂದು ಯಾರಾದರೂ ಅಳೆದು ತಿಳಿಸಿ.

ವಾರ ಕಳೆದು ಅಕ್ಕ ನೀರಿನ ಬಾಟಲಿ ಹಿಡಿದೇ ಕೆಲಸಕ್ಕೆ ಹೋದಳು. ಅರ್ಧ ಖಾಲಿ ಮಾಡಿ ಎದ್ದಳು.

"ಬಿಲ್ಲೆ ಬೇರೆಯವ್ರು ಒಯ್ದಿದ್ದಾರೆ, ಕೂತ್ಕೊಳ್ಳಮ್ಮ," ಎಂದ ಸೂಪರ್‌ವೈಸರ್.

"ಸರ್, ನಂಗೆ ಮೂಲವ್ಯಾಧಿ. ನಿಮ್ಮ ಬಿಲ್ಲೇನೇ ಕೊಟ್ಟಿದ್ದು. ತೋರಿಸ್ಲಾ?"

ಯಂತ್ರಗಳು ಒಂದೊಂದಾಗಿ ನಿಂತವು. ಸೂಪರ್‌ವೈಸರನಿಗೆ ಮೇಜಿನ ಮೇಲಿನ ಕಾಗದಗಳಲ್ಲಿ ಇದ್ದಕ್ಕಿದ್ದಂತೆ ತುಂಬಾ ಆಸಕ್ತಿ ಹುಟ್ಟಿತು. ಅಕ್ಕ ಬರಿಗೈಯಲ್ಲಿ ಬಾಗಿಲತ್ತ ನಡೆದಳು.

ಗುಂಡಿ ಹೊಲಿಯುವ ಹುಡುಗಿ ಓಡಿಬಂದು ಅವಳ ಕಿವಿಯಲ್ಲಿ ಕೇಳಿದಳು: "ಅಕ್ಕಾ, ನಿಮ್ದು ಯಾವ ಬಣ್ಣ ಇತ್ತು?"